ಕತ್ತರಿಗೆ ಸಿಕ್ಕ ನಾಲ್ಕು ನಿಮಿಷ

ಪ್ರಶ್ನೆ: ಸರ್, ನಾನು ಚಿಕ್ಕಂದಿನಿಂದ ಸ್ಟಾರ್ ವಾರ್ಸ್ ನೋಡಿಕೊಂಡು ಬೆಳೆದವನು. ಅದಕ್ಕೂ ಮೊದಲು ಜಾರ್ಜ್ ಲೂಕಾಸ್ ಮಾಡಿದ್ದ ‘ಅಮೆರಿಕನ್ ಗ್ರಫೀಟಿ’ಯನ್ನು ಹೋದ ವಾರ ನೋಡಿದೆ. ಕಥೆ ಅಂತ ಏನೂ ಇಲ್ಲ, ಹುಡುಗರು ರಾತ್ರಿಯಿಡೀ ಕಾರಿನಲ್ಲಿ ಸುತ್ತುತ್ತಾರೆ ಅಷ್ಟೇ. ಆದರೂ ತಲೆಯಿಂದ ಹೋಗುತ್ತಿಲ್ಲ. ಎರಡನ್ನೂ ಮಾಡಿದ್ದು ಒಬ್ಬನೇ ಅಂದರೆ ನಂಬಿಕೆ ಬರಲ್ಲ. ದುಡ್ಡಿನ ರುಚಿ ಹತ್ತಿದ ಮೇಲೆ ಆತ ತನ್ನತನವನ್ನು ಬಿಟ್ಟುಕೊಟ್ಟ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನಿಜವಾ? ಇವೆರಡನ್ನೂ ಜೊತೆಗಿಟ್ಟು ನೋಡುವುದು ಹೇಗೆ?

ಉತ್ತರ: ನಿಮ್ಮ ಗೆಳೆಯನ ವಾದ ಹಳೆಯದು. ಲೂಕಾಸ್ ಹೆಸರು ಬಂದಲ್ಲೆಲ್ಲ ಒಬ್ಬರಾದರೂ ಇದನ್ನು ಹೇಳಿಯೇ ಹೇಳುತ್ತಾರೆ. ದುಡ್ಡು ಬಂದದ್ದು ನಿಜ, ಬೇಕಾದಷ್ಟು ಬಂತು. ಆದರೆ ತನ್ನತನ ಬಿಟ್ಟುಕೊಟ್ಟ ಅನ್ನುವುದನ್ನು ನಾನು ಒಪ್ಪಲ್ಲ. ನನಗೆ ಕಾಣುವುದು ಅದರ ಉಲ್ಟಾ. ಆತ ತನ್ನದನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ, ಬೇರೆಯವರಿಗೆ ಮುಟ್ಟಲೂ ಬಿಡಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ. ಅದು ಅರ್ಥವಾಗಬೇಕಾದರೆ ಕೋಟಿ ಡಾಲರ್‌ಗಳ ಲೆಕ್ಕ ಪಕ್ಕಕ್ಕಿಟ್ಟು ನಾಲ್ಕು ನಿಮಿಷದ ಲೆಕ್ಕ ನೋಡಬೇಕು. ಅದಕ್ಕೆ ಬರುತ್ತೇನೆ, ಮೊದಲು ಊರಿನ ವಿಷಯ.

ಲೂಕಾಸ್ ಹುಟ್ಟಿದ್ದು 1944ರಲ್ಲಿ, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಲ್ಲಿ. ಸುತ್ತ ಬಯಲು, ಅಕ್ರೋಟು ತೋಟ. ಅಪ್ಪನದು ಸ್ಟೇಷನರಿ ಅಂಗಡಿ. ಮಗ ಅಂಗಡಿ ನೋಡಿಕೊಳ್ಳಲಿ ಅಂತ ಅಪ್ಪನ ಆಸೆ, ಮಗನಿಗೆ ಕಾರಿನ ಹುಚ್ಚು. ಆ ಕಾಲದಲ್ಲಿ ಅಲ್ಲಿನ ಹುಡುಗರಿಗೆ ಸಂಜೆಯಾದರೆ ಒಂದೇ ಕೆಲಸ. ಕಾರು ತೆಗೆದುಕೊಂಡು ಊರಿನ ದೊಡ್ಡ ಬೀದಿಯಲ್ಲಿ ಮೇಲೊಂದು ಸಲ ಕೆಳಗೊಂದು ಸಲ ಸುಮ್ನೆ ಸುತ್ತುವುದು. ಪಕ್ಕದ ಕಾರಿನಲ್ಲಿ ಹುಡುಗಿಯರಿದ್ದರೆ ಮಾತಾಡಿಸುವುದು. ಇದಕ್ಕೆ ಕ್ರೂಸಿಂಗ್ ಅನ್ನುತ್ತಿದ್ದರು. ಲೂಕಾಸ್ ವರ್ಷಗಟ್ಟಲೆ ಇದನ್ನೇ ಮಾಡಿದ. ರೇಸ್ ಡ್ರೈವರ್ ಆಗಬೇಕು ಅಂತಿದ್ದ.

1962ರ ಜೂನ್ 12ರಂದು, ಹೈಸ್ಕೂಲು ಮುಗಿಯಲು ಇನ್ನು ಕೆಲವೇ ದಿನ ಇರುವಾಗ, ಅವನ ಪುಟ್ಟ ಇಟಾಲಿಯನ್ ಕಾರಿಗೆ ಇನ್ನೊಂದು ಕಾರು ಬಂದು ಗುದ್ದಿತು. ಸೀಟ್ ಬೆಲ್ಟ್ ಕಿತ್ತುಹೋಗಿ ಆತ ಹೊರಕ್ಕೆ ಎಸೆಯಲ್ಪಟ್ಟ. ಕಾರು ಹೋಗಿ ಅಕ್ರೋಟು ಮರಕ್ಕೆ ಬಡಿದು ನಜ್ಜುಗುಜ್ಜಾಯಿತು. ಬೆಲ್ಟ್ ಗಟ್ಟಿ ಇದ್ದಿದ್ದರೆ ಸಾಯುತ್ತಿದ್ದ. ರೇಸಿನ ಕನಸು ಅಲ್ಲಿಗೆ ಮುಗಿಯಿತು. ಆಸ್ಪತ್ರೆ, ಆಮೇಲೆ ಊರಿನ ಕಾಲೇಜು, ಅಲ್ಲಿಂದ ಲಾಸ್ ಏಂಜಲೀಸ್‌ನ ಯುಎಸ್‌ಸಿ ಸಿನಿಮಾ ಶಾಲೆ.

ಗ್ರಫೀಟಿ ಸಿನಿಮಾ ನಡೆಯುವುದು ಯಾವ ಊರಲ್ಲಿ, ಯಾವ ವರ್ಷದಲ್ಲಿ? ಮೊಡೆಸ್ಟೊ, 1962. ಬೇಸಿಗೆ ರಜೆಯ ಕೊನೆಯ ರಾತ್ರಿ. ಸ್ಕೂಟರ್ ಓಡಿಸಲೂ ಬಾರದ ಟೆರ್ರಿ, ಊರಲ್ಲೇ ಫಾಸ್ಟ್ ಕಾರು ಇಟ್ಟುಕೊಂಡ ಮಿಲ್ನರ್, ಬೆಳಗ್ಗೆ ವಿಮಾನ ಹತ್ತಬೇಕೋ ಬೇಡವೋ ಅಂತ ಒದ್ದಾಡುವ ಕರ್ಟ್. ಮೂವರೂ ತಾನೇ, ಬೇರೆಬೇರೆ ವಯಸ್ಸಿನ ತಾನು ಅಂತ ಲೂಕಾಸೇ ಹೇಳಿಕೊಂಡಿದ್ದಾನೆ. ‘ಸ್ವಂತದ ಸಿನಿಮಾ’ ಅನ್ನುವ ಮಾತು ಇದಕ್ಕಿಂತ ಚೆನ್ನಾಗಿ ಹೊಂದುವ ಚಿತ್ರ ಹಾಲಿವುಡ್‌ನಲ್ಲಿ ಜಾಸ್ತಿ ಇಲ್ಲ.

ಆದರೆ ಇದು ಅವನ ಮೊದಲ ಸಿನಿಮಾ ಅಲ್ಲ. ಮೊದಲನೆಯದು 1971ರ ‘ಟಿಎಚ್‌ಎಕ್ಸ್ 1138’. ನೆಲದೊಳಗಿನ ಒಂದು ಊರು, ಎಲ್ಲರದ್ದೂ ಬೋಳುತಲೆ, ಎಲ್ಲರಿಗೂ ಹೆಸರಿನ ಬದಲು ನಂಬರ್, ಮನಸ್ಸು ಮಂಕಾಗಲು ಗುಳಿಗೆ. ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ್ದ ಅಮೆರಿಕನ್ ಜೊಯಟ್ರೋಪ್ ಕಂಪನಿಯ ಮೊದಲ ಚಿತ್ರ ಅದು. ದುಡ್ಡು ವಾರ್ನರ್ ಬ್ರದರ್ಸ್‌ದು. ಸ್ಟುಡಿಯೊದವರು ನೋಡಿ ಬೆಚ್ಚಿಬಿದ್ದರು. ಚಿತ್ರವನ್ನು ಲೂಕಾಸ್ ಕೈಯಿಂದ ಕಿತ್ತುಕೊಂಡು ನಾಲ್ಕೈದು ನಿಮಿಷ ಕತ್ತರಿಸಿ ಬಿಡುಗಡೆ ಮಾಡಿದರು. ಓಡಲಿಲ್ಲ. ನಾಲ್ಕೈದು ನಿಮಿಷ ಇದ್ದಿದ್ದರೂ ಓಡುತ್ತಿರಲಿಲ್ಲ ಬಿಡಿ. ಲೂಕಾಸ್‌ಗೆ ಸಿಟ್ಟು ಬಂದದ್ದೂ ಅದಕ್ಕೇ. ಕತ್ತರಿಸಿ ಏನೂ ಸಿಗಲಿಲ್ಲ, ಸುಮ್ನೆ ಅಧಿಕಾರ ಇದೆ ಅಂತ ಕತ್ತರಿಸಿದರು.

ಆಗ ಕೊಪೊಲಾ ಒಂದು ಸವಾಲು ಹಾಕಿದ. ಇಷ್ಟು ತಣ್ಣಗಿರುವ ಸಿನಿಮಾ ಸಾಕು, ಜನ ನಗುವಂಥ, ಬೆಚ್ಚಗಿರುವಂಥದ್ದನ್ನು ಬರಿ ನೋಡೋಣ ಅಂತ. ಗ್ರಫೀಟಿ ಹುಟ್ಟಿದ್ದು ಹಾಗೆ. ನೋಡಿ, ‘ಅಪ್ಪಟ ಸ್ವಂತದ’ ಸಿನಿಮಾ ಕೂಡ ಬೇರೆಯವರು ಕೆಣಕಿದ್ದರಿಂದ ಬಂದದ್ದು. ಲೂಕಾಸ್ ಪಾಡಿಗೆ ಲೂಕಾಸ್‌ನನ್ನು ಬಿಟ್ಟಿದ್ದರೆ ಇನ್ನೊಂದು ಬೋಳುತಲೆಯ ಸಿನಿಮಾ ಮಾಡುತ್ತಿದ್ದನೋ ಏನೋ.

ಹಲವು ಸ್ಟುಡಿಯೊಗಳು ಬೇಡ ಅಂದವು. ಕೊನೆಗೆ ಯೂನಿವರ್ಸಲ್ ಒಪ್ಪಿತು, ಆದರೆ ಹೆಸರಿರುವ ಒಬ್ಬರು ಬೆನ್ನಿಗೆ ಬೇಕು ಅಂತ ಷರತ್ತು. ಕೊಪೊಲಾ ನಿರ್ದೇಶಿಸಿದ ‘ಗಾಡ್‌ಫಾದರ್’ ಆಗಷ್ಟೇ ಬಂದಿತ್ತು. ಕೊಪೊಲಾ ನಿರ್ಮಾಪಕನಾದ. ಬಜೆಟ್ ಏಳೂ ಮುಕ್ಕಾಲು ಲಕ್ಷ ಡಾಲರ್. 1972ರ ಬೇಸಿಗೆಯಲ್ಲಿ ಶೂಟಿಂಗ್, ನಾಲ್ಕು ವಾರ, ಹೆಚ್ಚುಕಡಿಮೆ ಎಲ್ಲವೂ ರಾತ್ರಿ. ಮೊಡೆಸ್ಟೊ ಅಷ್ಟರಲ್ಲಿ ಬದಲಾಗಿತ್ತು, ಹಾಗಾಗಿ ಸ್ಯಾನ್ ರಫೇಲ್‌ನಲ್ಲಿ ಶುರುಮಾಡಿದರು. ವ್ಯಾಪಾರಕ್ಕೆ ತೊಂದರೆ ಅಂತ ದೂರು ಹೋಗಿ ಅಲ್ಲಿ ಅನುಮತಿ ರದ್ದಾಯಿತು. ಗಂಟುಮೂಟೆ ಕಟ್ಟಿಕೊಂಡು ಪೆಟಲೂಮಾಗೆ ಹೋದರು. ಕಾರಿಗೆ ಕ್ಯಾಮೆರಾ ಕಟ್ಟುವುದರಲ್ಲೇ ಅರ್ಧ ರಾತ್ರಿ. ಚಿತ್ರ ಮಸುಕಾಗಿ ಬರುತ್ತಿತ್ತು. ಹ್ಯಾಸ್ಕೆಲ್ ವೆಕ್ಸ್ಲರ್ ಎಂಬ ಹೆಸರಾಂತ ಛಾಯಾಗ್ರಾಹಕ ಬಂದು ಕಾರುಗಳ ಒಳಗೆ ಸಣ್ಣಸಣ್ಣ ಬಲ್ಬು ಹಾಕಿಸಿ, ಅಂಗಡಿ ದೀಪಗಳನ್ನು ಜಾಸ್ತಿ ಮಾಡಿಸಿ ದಾರಿಗೆ ತಂದ.

ಇಲ್ಲಿ ಒಂದು ಶಾಟ್ ಬಗ್ಗೆ ಹೇಳಲೇಬೇಕು. ಸಿನಿಮಾದ ಶುರುವಿನಲ್ಲಿ ಟೆರ್ರಿ ವೆಸ್ಪಾ ಸ್ಕೂಟರಿನಲ್ಲಿ ಮೆಲ್ಸ್ ಡ್ರೈವ್-ಇನ್‌ಗೆ, ಅಂದರೆ ಕಾರಿನಲ್ಲೇ ಕೂತು ತಿನ್ನುವ ಹೋಟೆಲಿಗೆ, ಬರುತ್ತಾನೆ. ಸ್ಕೂಟರ್ ನಿಲ್ಲದೆ ಗೋಡೆಗೆ ಹೋಗಿ ಗುದ್ದುತ್ತದೆ. ಕಾಲು ನೆಲಕ್ಕೆ ಎಳೆದುಕೊಂಡು ಹೇಗೋ ಸಂಭಾಳಿಸುತ್ತಾನೆ. ಇದನ್ನು ಯಾರೂ ಬರೆದಿರಲಿಲ್ಲ. ನಟ ಚಾರ್ಲ್ಸ್ ಮಾರ್ಟಿನ್ ಸ್ಮಿತ್‌ಗೆ ನಿಜವಾಗಲೂ ಹಿಡಿತ ತಪ್ಪಿತು. ಆದರೂ ಆತ ಪಾತ್ರ ಬಿಡದೆ ನಟಿಸುತ್ತಲೇ ಹೋದ, ಲೂಕಾಸ್ ಕ್ಯಾಮೆರಾ ನಿಲ್ಲಿಸಲಿಲ್ಲ, ಶಾಟ್ ಉಳಿಯಿತು. ಟೆರ್ರಿ ಎಂಥವನು ಅಂತ ಹೇಳಲು ಮೂರು ಪುಟ ಮಾತು ಬರೆದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. ರೀಟೇಕ್‌ಗೆ ಪುರಸೊತ್ತಿಲ್ಲದ ಸೆಟ್ಟಿನಲ್ಲಿ ಮಾತ್ರ ಇಂಥವು ಬದುಕುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಶಬ್ದ. ಈ ಸಿನಿಮಾಗೆ ಹಿನ್ನೆಲೆ ಸಂಗೀತ ಇಲ್ಲ. ನಲವತ್ತರಷ್ಟು ಹಾಡು ಇವೆ, ಹೆಚ್ಚಿನವು ಕಾರಿನ ರೇಡಿಯೊದಿಂದಲೋ ಹೋಟೆಲಿನ ಸ್ಪೀಕರಿನಿಂದಲೋ ಬರುವಂಥವು. ಲೂಕಾಸ್ ಪ್ರತಿ ದೃಶ್ಯವನ್ನೂ ಒಂದೊಂದು ಹಾಡು ತಲೆಯಲ್ಲಿಟ್ಟುಕೊಂಡೇ ಬರೆದಿದ್ದ. ಹಕ್ಕಿನ ದುಡ್ಡು ಹೊಂದಲಿಲ್ಲ ಅಂತ ಎಲ್ವಿಸ್ ಹಾಡು ಮಾತ್ರ ಒಂದೂ ಇಲ್ಲ. ಸ್ಟುಡಿಯೊದ ಶುದ್ಧ ರೆಕಾರ್ಡಿಂಗನ್ನು ಹಾಗೇ ಹಾಕಿದರೆ ಹಾಡು ಚಿತ್ರದ ಮೇಲೆ ಅಂಟಿಸಿದ ಹಾಗೆ ಕೇಳಿಸುತ್ತದೆ. ಅದಕ್ಕೆ ಲೂಕಾಸ್ ಮತ್ತು ಶಬ್ದ ವಿನ್ಯಾಸಕ ವಾಲ್ಟರ್ ಮರ್ಚ್ ಒಂದು ಉಪಾಯ ಮಾಡಿದರು. ಹಿತ್ತಲಿನಲ್ಲಿ ಒಬ್ಬ ಹಾಡು ಹಾಕಿ ಸ್ಪೀಕರನ್ನು ಅತ್ತಿತ್ತ ತಿರುಗಿಸುತ್ತಿದ್ದ, ದೂರದಲ್ಲಿ ಇನ್ನೊಬ್ಬ ಮೈಕು ಹಿಡಿದು ಅದನ್ನೂ ತಿರುಗಿಸುತ್ತ ಮತ್ತೆ ರೆಕಾರ್ಡ್ ಮಾಡುತ್ತಿದ್ದ. ಗಾಳಿ, ಗೋಡೆ, ದೂರ ಎಲ್ಲ ಹಾಡಿನೊಳಗೆ ಸೇರಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದು ಕಾರು ಹತ್ತಿರ ಬಂದಾಗ ಹಾಡು ಗಟ್ಟಿಯಾಗಿ, ತಿರುವಿನಲ್ಲಿ ಮಸುಕಾಗಿ, ಇನ್ನೊಂದು ಕಾರಿನಿಂದ ಅದೇ ಹಾಡು ಮತ್ತೆ ಮೇಲೆ ಬರುತ್ತದೆ. ಇಡೀ ಊರು ಒಂದೇ ರೇಡಿಯೊ ಸ್ಟೇಷನ್ ಕೇಳುತ್ತಿದೆ. ‘ಕಥೆಯೇ ಇಲ್ಲ’ ಅಂದಿರಲ್ಲ, ಆದರೂ ಹಿಡಿದು ಕೂರಿಸಿದ್ದು ಇದೇ. ನಾಲ್ಕು ಹುಡುಗರ ನಾಲ್ಕು ದಾರಿಯನ್ನು ಹೊಲಿದ ದಾರ ಆ ರೇಡಿಯೊ.

ಆ ದಾರಿಗಳನ್ನು ಹೆಣೆದವರು ಎಡಿಟರ್‌ಗಳಾದ ವರ್ನಾ ಫೀಲ್ಡ್ಸ್ ಮತ್ತು ಲೂಕಾಸ್‌ನ ಹೆಂಡತಿ ಮಾರ್ಷಿಯಾ ಲೂಕಾಸ್. ಮಾತುಗಳಿಗೆ ಜೀವ ತುಂಬಿದವರು ವಿಲ್ಲಾರ್ಡ್ ಹೈಕ್ ಮತ್ತು ಗ್ಲೋರಿಯಾ ಕಾಟ್ಜ್ ದಂಪತಿ. ಲೂಕಾಸ್‌ಗೆ ಚಿತ್ರ ಕಾಣುತ್ತಿತ್ತು, ಶಬ್ದ ಕೇಳುತ್ತಿತ್ತು, ಮಾತು ಬರೆಯುವುದು ಮಾತ್ರ ಒಲಿದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದವರನ್ನು ಜೊತೆಗಿಟ್ಟುಕೊಂಡಿದ್ದ.

ಈಗ ಆ ನಾಲ್ಕು ನಿಮಿಷ. 1973ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಾರ್ತ್‌ಪಾಯಿಂಟ್ ಥಿಯೇಟರಿನಲ್ಲಿ ಪ್ರಿವ್ಯೂ ಇಟ್ಟರು. ಜನ ಹುಚ್ಚೆದ್ದು ನೋಡಿದರು. ಯೂನಿವರ್ಸಲ್‌ನ ನೆಡ್ ಟ್ಯಾನೆನ್ ಮಾತ್ರ ಮುಖ ಗಂಟಿಕ್ಕಿಕೊಂಡು ಹೊರಬಂದ, ಇದನ್ನು ಬಿಡುಗಡೆ ಮಾಡೋಕೇ ಆಗಲ್ಲ ಅಂದ. ಕೊಪೊಲಾಗೆ ರೇಗಿತು. ನಿಮಗೆ ಬೇಡವಾದರೆ ನಾನೇ ಕೊಳ್ಳುತ್ತೇನೆ, ಈಗಲೇ ಚೆಕ್ ಬರೆಯುತ್ತೇನೆ ಅಂತ ಅಲ್ಲೇ ಜಗಳಕ್ಕೆ ನಿಂತ. ಹಾಲಿವುಡ್‌ನಲ್ಲಿ ತುಂಬ ಸಲ ಹೇಳಿ ಹೇಳಿ ಬಣ್ಣ ಏರಿದ ಪ್ರಸಂಗ ಇದು, ಆದರೆ ಜಗಳ ನಡೆದದ್ದು ಹೌದು. ಚಿತ್ರ ಉಳಿಯಿತು. ಆದರೆ ಸ್ಟುಡಿಯೊ ಮತ್ತೆ ನಾಲ್ಕು ನಿಮಿಷದಷ್ಟು ಕತ್ತರಿಸಿತು. ಹೋದವು ಮೂರು ಚೂರು. ಟೆರ್ರಿಯನ್ನು ಗಂಟುಬೀಳುವ ಹಳೇ ಕಾರು ವ್ಯಾಪಾರಿ, ನೃತ್ಯದ ಹಾಲಿನಲ್ಲಿ ನಾಲ್ಕನೆಯ ಹುಡುಗ ಸ್ಟೀವ್ ಮೇಷ್ಟ್ರ ಜೊತೆ ಎದುರು ಮಾತಾಡುವುದು, ಹ್ಯಾರಿಸನ್ ಫೋರ್ಡ್ ಕಾರಿನಲ್ಲಿ ಹುಡುಗಿಗೆ ಒಂದು ಹಳೇ ಹಾಡು ಹೇಳುವುದು.

ನೋಡಿದರೆ ಮೂರೂ ಇಲ್ಲದಿದ್ದರೂ ನಡೆಯುವ ದೃಶ್ಯಗಳೇ. ಚಿತ್ರ ಕೆಡಲಿಲ್ಲ. ಗೆದ್ದಿತು, ಅದೂ ಹೇಗೆ! ಅಮೆರಿಕದಲ್ಲೇ ಸುಮಾರು 11.5 ಕೋಟಿ ಡಾಲರ್ ಗಳಿಸಿತು. ಅತ್ಯುತ್ತಮ ಚಿತ್ರ, ನಿರ್ದೇಶನ ಸೇರಿ ಐದು ಆಸ್ಕರ್ ನಾಮನಿರ್ದೇಶನ. ಹಾಕಿದ ದುಡ್ಡಿಗೂ ಬಂದ ದುಡ್ಡಿಗೂ ಹೋಲಿಸಿದರೆ ಹಾಲಿವುಡ್‌ನ ದೊಡ್ಡ ಲಾಭಗಳಲ್ಲಿ ಇದೂ ಒಂದು. ಅಂದರೆ ಲೂಕಾಸ್‌ಗೆ ದುಡ್ಡಿನ ರುಚಿ ಹತ್ತಿದ್ದೇ ಆದರೆ ಅದು ಹತ್ತಿದ್ದು ಈ ‘ಸ್ವಂತದ’ ಚಿತ್ರದಿಂದ. ಈ ಒಂದು ಅಂಶವನ್ನು ನಿಮ್ಮ ಗೆಳೆಯನ ಮುಂದೆ ಇಡಿ. ದುಡ್ಡೇ ಗುರಿಯಾಗಿದ್ದರೆ ಆತ ಗ್ರಫೀಟಿಯ ಎರಡನೇ ಭಾಗ, ಮೂರನೇ ಭಾಗ ಮಾಡುತ್ತ ಕೂರಬಹುದಿತ್ತು. ಬಾಹ್ಯಾಕಾಶದ ಕಥೆ ಆಗ ಯಾರಿಗೂ ಬೇಡದ ಸರಕು.

ಆ ನಾಲ್ಕು ನಿಮಿಷ ಮಾತ್ರ ಅವನ ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ಸೋತ ಚಿತ್ರಕ್ಕೂ ಕತ್ತರಿ, ಗೆದ್ದ ಚಿತ್ರಕ್ಕೂ ಕತ್ತರಿ. ಚಿತ್ರ ಚೆನ್ನಾಗಿ ಮಾಡಿದರೆ ಸಾಲದು, ಅದರ ಒಡೆಯನೂ ತಾನೇ ಆಗಬೇಕು ಅಂತ ಅವನಿಗೆ ಖಚಿತವಾಯಿತು. ಸ್ಟಾರ್ ವಾರ್ಸ್ ಮಾತುಕತೆಯಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಜೊತೆ ಆತ ಕೇಳಿದ್ದು ಏನು ನೋಡಿ. ಗ್ರಫೀಟಿ ಗೆದ್ದ ಮೇಲೆ ಸಂಬಳ ಎಷ್ಟೋ ಪಟ್ಟು ಏರಿಸಬಹುದಿತ್ತು. ಏರಿಸಲಿಲ್ಲ. ಬದಲಿಗೆ ಮುಂದಿನ ಭಾಗಗಳ ಹಕ್ಕು ನನ್ನದು, ಗೊಂಬೆ, ಅಂಗಿ ಮಾರುವ ಹಕ್ಕು ನನ್ನದು ಅಂದ. ಆಗ ಅವಕ್ಕೆ ಬೆಲೆಯೇ ಇರಲಿಲ್ಲ, ಸ್ಟುಡಿಯೊ ನಗುತ್ತ ಕೊಟ್ಟಿತು. ಈಗ ಇದನ್ನು ವ್ಯಾಪಾರದ ಚಾಣಾಕ್ಷತನ ಅಂತ ಹೊಗಳುತ್ತಾರೆ. ಅದರಲ್ಲಿ ವ್ಯಾಪಾರಕ್ಕಿಂತ ಜಾಸ್ತಿ ಇದ್ದದ್ದು ಭಯ. ಇನ್ನೊಬ್ಬರು ತನ್ನ ಚಿತ್ರಕ್ಕೆ ಕೈ ಹಾಕುತ್ತಾರೆ ಅನ್ನುವ ಭಯ.

ಹಾಗಾದರೆ 1977ರ ಸ್ಟಾರ್ ವಾರ್ಸ್ ಸ್ವಂತದ್ದಲ್ಲವಾ? ಮೊದಲ ಮುಕ್ಕಾಲು ಗಂಟೆ ಮತ್ತೆ ಹಾಕಿ ನೋಡಿ. ಬಯಲು ಊರು. ಮನೆಯಲ್ಲಿ ದೊಡ್ಡವರು, ಇನ್ನೊಂದು ಸುಗ್ಗಿ ಮುಗಿಯಲಿ, ಆಮೇಲೆ ಹೋಗುವೆಯಂತೆ ಅನ್ನುತ್ತಾರೆ. ಕಥೆಯ ಹುಡುಗ ಲೂಕ್‌ಗೆ ಗಾಡಿ ಅಂದರೆ ಪ್ರಾಣ, ಅವನ ಹತ್ತಿರ ತೇಲುವ ಒಂದು ಹಳೇ ಗಾಡಿ ಇದೆ. ಎರಡು ಸೂರ್ಯ ಮುಳುಗುವುದನ್ನು ನೋಡುತ್ತ ನಿಲ್ಲುತ್ತಾನೆ. ಎರಡನೇ ಸೂರ್ಯನನ್ನು ತೆಗೆದರೆ ಅದು ಮೊಡೆಸ್ಟೊ ಅಲ್ವಾ? ಲೂಕ್ ತನ್ನ ಗೆಳೆಯರ ಜೊತೆ ಕಾಲ ಕಳೆಯುವ ದೃಶ್ಯಗಳನ್ನು ಟುನೀಷಿಯಾದಲ್ಲಿ ಶೂಟ್ ಕೂಡ ಮಾಡಿದ್ದರು, ಎಡಿಟಿಂಗ್‌ನಲ್ಲಿ ತೆಗೆದರು. ಈಗ ನೋಡಿದರೆ ಗ್ರಫೀಟಿಯ ಹುಡುಗರಿಗೆ ಮರಳುಗಾಡಿನ ಬಟ್ಟೆ ಹಾಕಿಸಿದ ಹಾಗಿವೆ. ಮೈತುಂಬ ರೋಮದ ಚ್ಯೂಬಾಕ ಕೂಡ ಲೂಕಾಸ್‌ನ ನಾಯಿಯಿಂದ ಬಂದವನು. ಇಂಡಿಯಾನಾ ಅಂತ ಅದರ ಹೆಸರು, ಕಾರಿನ ಪಕ್ಕದ ಸೀಟಿನಲ್ಲಿ ಮನುಷ್ಯರ ಹಾಗೆ ಕೂರುತ್ತಿತ್ತು. ಆರ್‌2-ಡಿ2 ಅನ್ನುವ ರೋಬೊಟ್ ಹೆಸರು ಬಂದದ್ದು ಗ್ರಫೀಟಿಯ ಶಬ್ದ ಮಿಕ್ಸಿಂಗ್ ವೇಳೆ. ಮರ್ಚ್ ‘ರೀಲ್ 2, ಡೈಲಾಗ್ 2’ ಬೇಕು ಅಂತ ಚುಟುಕಾಗಿ ಕೂಗಿದ, ಲೂಕಾಸ್ ಅದನ್ನು ಬರೆದಿಟ್ಟುಕೊಂಡ.

ಟಿಎಚ್‌ಎಕ್ಸ್ ನೆಲದೊಳಗಿಂದ ಮೇಲೆ ಹತ್ತಿ ಬರುತ್ತಾನೆ. ಕರ್ಟ್ ವಿಮಾನ ಹತ್ತುತ್ತಾನೆ. ಲೂಕ್ ಹಾನ್ ಸೋಲೋನ ಹಡಗು ಹತ್ತುತ್ತಾನೆ. ಮೂರು ಸಿನಿಮಾ, ಒಂದೇ ಕಥೆ: ಇದ್ದ ಜಾಗ ಬಿಟ್ಟು ಹೊರಡುವುದು. ಇನ್ನೊಂದು ವಿಷಯ. ವಿಯೆಟ್ನಾಮ್ ಯುದ್ಧದ ಬಗ್ಗೆ ‘ಅಪೊಕ್ಯಾಲಿಪ್ಸ್ ನೌ’ ಅನ್ನು ಮೊದಲು ಲೂಕಾಸೇ ನಿರ್ದೇಶಿಸಬೇಕಿತ್ತು. ಅದು ಕೊಪೊಲಾ ಕೈಗೆ ಹೋಯಿತು. ದೊಡ್ಡ ಯಂತ್ರಬಲದ ಸಾಮ್ರಾಜ್ಯದ ಎದುರು ಕೈಲಿ ಸಿಕ್ಕಿದ್ದು ಹಿಡಿದು ನಿಂತ ಸಣ್ಣ ಗುಂಪು ಎಂಬ ಯೋಚನೆ ಸ್ಟಾರ್ ವಾರ್ಸ್‌ಗೆ ಬಂತು. ಅಲ್ಲಿ ಸಾಮ್ರಾಜ್ಯ ಅಂದರೆ ಅಮೆರಿಕ ಅಂತ ಆತ ಸ್ವತಃ ಒಪ್ಪಿಕೊಂಡಿದ್ದಾನೆ. ಗ್ರಫೀಟಿಯ ಕೊನೆಯಲ್ಲಿ ತೆರೆಯ ಮೇಲೆ ಬರುವ ಅಕ್ಷರಗಳನ್ನು ನೆನಪಿಸಿಕೊಳ್ಳಿ. ಟೆರ್ರಿ 1965ರಲ್ಲಿ ವಿಯೆಟ್ನಾಮ್‌ನಲ್ಲಿ ನಾಪತ್ತೆ. ಸ್ಕೂಟರ್ ಗೋಡೆಗೆ ಗುದ್ದಿದ ಅದೇ ಹುಡುಗ. (ಆ ಅಕ್ಷರಗಳಲ್ಲಿ ನಾಲ್ಕು ಹುಡುಗರ ಮುಂದಿನ ಬದುಕು ಇದೆ, ಹುಡುಗಿಯರದ್ದು ಒಂದು ಸಾಲೂ ಇಲ್ಲ. ಆಗಲೇ ವಿಮರ್ಶಕರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಚಿತ್ರದ ದೊಡ್ಡ ಕೊರತೆ ಅದೇ ಅಂತ ನನಗೂ ಅನಿಸುತ್ತದೆ.)

ನನಗೆ ತುಂಬ ಇಷ್ಟವಾದ ಹೋಲಿಕೆ ಬೇರೆ. ಗ್ರಫೀಟಿಯಲ್ಲಿ ಕರ್ಟ್ ರಾತ್ರಿ ಹೊತ್ತಲ್ಲಿ ರೇಡಿಯೊ ಸ್ಟೇಷನ್‌ಗೆ ಹೋಗುತ್ತಾನೆ. ಊರೆಲ್ಲ ಕೇಳುವ ಆ ನಿಗೂಢ ದನಿಯ ವುಲ್ಫ್‌ಮನ್ ಜ್ಯಾಕ್‌ನನ್ನು ಹುಡುಕಿಕೊಂಡು. ಅಲ್ಲಿ ಒಬ್ಬ ದಪ್ಪ ಗಡ್ಡದ ಮನುಷ್ಯ ಕೂತಿದ್ದಾನೆ. ಫ್ರಿಜ್ ಕೆಟ್ಟಿದೆ, ಐಸ್ ಕ್ಯಾಂಡಿ ಕರಗುತ್ತಿದೆ, ತಗೋ ತಿನ್ನು ಅನ್ನುತ್ತಾನೆ. ವುಲ್ಫ್‌ಮನ್ ಇಲ್ಲಿಲ್ಲ, ಟೇಪ್ ಕಳಿಸುತ್ತಾನೆ ಅಷ್ಟೇ ಅನ್ನುತ್ತಾನೆ. ಕೈಯೆಲ್ಲ ಅಂಟು. ಮಾತಿನ ನಡುವೆ, ಊರಲ್ಲೇ ಉಳಿಯಬೇಡ, ಜಗತ್ತು ದೊಡ್ಡದಿದೆ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಕರ್ಟ್ ಹೊರಡುವಾಗ ಗಾಜಿನಾಚೆ ತಿರುಗಿ ನೋಡಿದರೆ ಮೈಕಿನ ಮುಂದೆ ಕೂತು ಊಳಿಡುತ್ತಿರುವವನು ಅದೇ ಮನುಷ್ಯ. ಈಗ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ಗೆ ಬನ್ನಿ. ಲೂಕ್ ದೊಡ್ಡ ಯೋಧನೊಬ್ಬನನ್ನು ಹುಡುಕಿಕೊಂಡು ಜೌಗು ನೆಲಕ್ಕೆ ಬರುತ್ತಾನೆ. ಅವನ ಡಬ್ಬಿಗೆ ಕೈ ಹಾಕಿ ತಿಂಡಿ ತಿನ್ನುವ ಒಂದು ತರಲೆ ಮುದಿಜೀವ ಗಂಟುಬೀಳುತ್ತದೆ. ಗುರು ಅದೇ. ಐಸ್ ಕ್ಯಾಂಡಿ ಹೋಗಿ ಡಬ್ಬಿ ತಿಂಡಿ ಬಂತು, ಉಳಿದದ್ದೆಲ್ಲ ಹಾಗೇ ಇದೆ.

ಹಾಗಾಗಿ ತನ್ನತನ ಎಲ್ಲಿಗೂ ಹೋಗಿರಲಿಲ್ಲ. ಬದಲಾದದ್ದು ಸುತ್ತ ಇದ್ದ ಜನ. ಅದೂ 1977ರಲ್ಲಿ ಅಲ್ಲ. ಮೊದಲ ಸ್ಟಾರ್ ವಾರ್ಸ್‌ನಲ್ಲಿ ಗ್ರಫೀಟಿಯ ತಂಡದ ನೆರಳು ಹಾಗೇ ಇತ್ತು. ಹೈಕ್ ಮತ್ತು ಕಾಟ್ಜ್ ತೆರೆಯ ಮೇಲೆ ಹೆಸರಿಲ್ಲದೆ ಸಂಭಾಷಣೆ ತಿದ್ದಿಕೊಟ್ಟರು. ಮಾರ್ಷಿಯಾ ಇಬ್ಬರು ಎಡಿಟರ್‌ಗಳ ಜೊತೆ ಕೂತು ಕೊನೆಯ ಯುದ್ಧವನ್ನು ಕಟ್ಟಿದಳು, ಮೂವರಿಗೂ ಆಸ್ಕರ್ ಬಂತು. ಈ ಮಾತುಗಳನ್ನು ಟೈಪ್ ಮಾಡಬಹುದು, ಬಾಯಲ್ಲಿ ಹೇಳೋಕಾಗಲ್ಲ ಅಂತ ಹಾನ್ ಸೋಲೋ ಆಗಿದ್ದ ಹ್ಯಾರಿಸನ್ ಫೋರ್ಡ್ ಲೂಕಾಸ್‌ನ ಮುಖಕ್ಕೇ ಹೇಳುತ್ತಿದ್ದ. ಗ್ರಫೀಟಿಯಲ್ಲಿ ಕೂದಲು ಕತ್ತರಿಸಲು ಒಪ್ಪದೆ ಹ್ಯಾಟ್ ಹಾಕಿಕೊಂಡು ನಟಿಸಿದ ಆಸಾಮಿ ಅವನು, ಹೇಳದೆ ಬಿಡುತ್ತಾನಾ. ಎಂಪೈರ್‌ಗೆ ದುಡ್ಡು ಪೂರ್ತಿ ಲೂಕಾಸ್‌ನದ್ದೇ, ಬ್ಯಾಂಕ್ ಸಾಲ ಸೇರಿಸಿ. ಆದರೆ ನಿರ್ದೇಶನ ಇರ್ವಿನ್ ಕರ್ಶ್ನರ್, ಬರವಣಿಗೆ ಲೀ ಬ್ರ್ಯಾಕೆಟ್ ಮತ್ತು ಲಾರೆನ್ಸ್ ಕ್ಯಾಸ್ಡನ್. ಅಲ್ಲೂ ಬೇರೆಯವರ ಕೈ ಇತ್ತು, ಬೇರೆಯವರ ಬಾಯಿ ಇತ್ತು.

1983ರಲ್ಲಿ ಮದುವೆ ಮುರಿಯಿತು. ಕಂಪನಿ ಬೆಳೆಯಿತು. ಸ್ಪೆಷಲ್ ಎಫೆಕ್ಟ್ಸ್, ಸೌಂಡ್, ಕಂಪ್ಯೂಟರ್ ಎಡಿಟಿಂಗ್, ಮುಂದೆ ಪಿಕ್ಸಾರ್ ಆದ ಗ್ರಾಫಿಕ್ಸ್ ತಂಡ, ಎಲ್ಲ ಅಲ್ಲಿಂದಲೇ ಬಂದದ್ದು. ಸಣ್ಣ, ಪ್ರಯೋಗದ ಸಿನಿಮಾ ಮಾಡಬೇಕು ಅಂತ ಲೂಕಾಸ್ ಹೇಳುತ್ತಲೇ ಇದ್ದ. ತಾನು ಮಾಡಲಿಲ್ಲ, ಬೇರೆಯವರದಕ್ಕೆ ನೆರವಾದ. ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಕಾಗೆಮುಶಾ’ಗೆ ದುಡ್ಡು ಸಾಲದೆ ಬಂದಾಗ ಕೊಪೊಲಾ ಜೊತೆ ಸೇರಿ ಫಾಕ್ಸ್ ಕಂಪನಿಯನ್ನು ಒಪ್ಪಿಸಿದವನು ಅವನೇ. ಪಾಲ್ ಶ್ರೇಡರ್‌ನ ‘ಮಿಶಿಮಾ’ದ ಹಿಂದೆಯೂ ನಿಂತ. ಇದನ್ನು ಯಾರೂ ಅವನ ಲೆಕ್ಕಕ್ಕೆ ಹಾಕುವುದಿಲ್ಲ, ಹಾಕಬೇಕು. ಆದರೆ ಕುರ್ಚಿಯಲ್ಲಿ ಕೂತು ತಾನು ನಿರ್ದೇಶಿಸುವುದನ್ನು 22 ವರ್ಷ ಬಿಟ್ಟೇಬಿಟ್ಟ.

ವಾಪಸ್ ಬಂದದ್ದು 1999ರಲ್ಲಿ, ‘ದಿ ಫ್ಯಾಂಟಮ್ ಮೆನೇಸ್’ಗೆ. ಬಜೆಟ್ ಸುಮಾರು 11.5 ಕೋಟಿ ಡಾಲರ್. ಗ್ರಫೀಟಿ ಅಮೆರಿಕದಲ್ಲಿ ಗಳಿಸಿದ ಅಷ್ಟೂ ದುಡ್ಡು ಇಲ್ಲಿ ಖರ್ಚಿನ ಕಾಲಮ್ಮಿಗೆ ಬಂತು. ಕಥೆ ಅವನದು, ಚಿತ್ರಕಥೆ ಒಬ್ಬನೇ ಬರೆದದ್ದು, ನಿರ್ದೇಶನ ಅವನದು, ಕಂಪನಿ ಅವನದು. ಕತ್ತರಿ ಹಿಡಿದು ಬರುವ ಸ್ಟುಡಿಯೊ ಇಲ್ಲ. ಬೇಡ ಮಾರಾಯ ಅನ್ನುವವರೂ ಇಲ್ಲ. ಹಾಲಿವುಡ್‌ನಲ್ಲಿ ಇಷ್ಟು ದೊಡ್ಡ ‘ಸ್ವಂತದ’ ಸಿನಿಮಾ ಬಂದೇ ಇಲ್ಲ ಅಂತ ಬೇಕಾದರೆ ವಾದಿಸಬಹುದು.

ನೀವು ಜೊತೆಗಿಟ್ಟು ನೋಡುವುದು ಹೇಗೆ ಅಂತ ಕೇಳಿದಿರಿ. ಇಡೀ ಸಿನಿಮಾ ಬೇಡ. ಎರಡು ರೇಸ್ ನೋಡಿ. ಗ್ರಫೀಟಿಯ ಕೊನೆಯಲ್ಲಿ ಪ್ಯಾರಡೈಸ್ ರೋಡ್ ಎಂಬ ಖಾಲಿ ರಸ್ತೆ, ಬೆಳಕು ಹರಿಯುವ ಹೊತ್ತು. ಮಿಲ್ನರ್‌ನ ಹಳದಿ ಫೋರ್ಡ್, ಫೋರ್ಡ್ ಓಡಿಸುವ ಕಪ್ಪು ಶೆವ್ರೊಲೆ. (ಮೊದಲನೆಯದು ಕಾರು, ಎರಡನೆಯದು ಹ್ಯಾರಿಸನ್.) ಟೆರ್ರಿ ಟಾರ್ಚ್ ಬೀಸುತ್ತಾನೆ. ನಾಲ್ಕು ಉಸಿರಿನಲ್ಲಿ ರೇಸ್ ಮುಗಿಯುತ್ತದೆ. ಕಪ್ಪು ಕಾರು ದಾರಿ ತಪ್ಪಿ ಉರುಳಿ ಹೊತ್ತಿಕೊಳ್ಳುತ್ತದೆ. ಒಳಗಿದ್ದವರು ಹೇಗೋ ಹೊರಬರುತ್ತಾರೆ. ಆಮೇಲೆ ಬರುವುದು ನಿಜವಾದ ದೃಶ್ಯ. ಮಿಲ್ನರ್ ಟೆರ್ರಿಗೆ ಹೇಳುತ್ತಾನೆ: ನಾನು ಸೋಲುತ್ತಿದ್ದೆ ಕಣೋ, ಉರುಳುವ ಮುಂಚೆ ಅವನು ನನ್ನನ್ನು ದಾಟುತ್ತಿದ್ದ. ಟೆರ್ರಿ ಕೇಳುವುದೇ ಇಲ್ಲ. ಇಲ್ಲ ಇಲ್ಲ, ನೀನೇ ಗೆದ್ದೆ, ಯಾವಾಗಲೂ ನೀನೇ ಫಸ್ಟ್ ಅಂತ ಹಠ ಹಿಡಿಯುತ್ತಾನೆ. ಮಿಲ್ನರ್ ಅವನ ಮುಖ ನೋಡುತ್ತಾನೆ. ಒಂದು ಗಳಿಗೆ ಸುಮ್ಮನಿದ್ದು, ಆಯ್ತು ಬಿಡು ಅನ್ನುವ ಹಾಗೆ ಒಪ್ಪಿಕೊಳ್ಳುತ್ತಾನೆ. ಇಪ್ಪತ್ತೆರಡರ ಹುಡುಗ ಅಲ್ಲೇ ಮುದುಕನಾಗುತ್ತಾನೆ. ಮಿಲ್ನರ್ ಆಗಿ ನಟಿಸಿದ ಪಾಲ್ ಲಿಮ್ಯಾಟ್‌ನ ಮುಖದಲ್ಲಿ ಎಲ್ಲವೂ ಇದೆ, ಮಾತು ಕೆಲವೇ.

ಈಗ ಫ್ಯಾಂಟಮ್ ಮೆನೇಸ್‌ನ ಪಾಡ್‌ರೇಸ್. ಅದೇ ಹುಚ್ಚು, ಅದೇ ಮನುಷ್ಯ. ಮೂರು ಸುತ್ತು, ಹತ್ತು ನಿಮಿಷದ ಸುಮಾರು. ಎಂಜಿನ್‌ಗಳ ಸದ್ದು ಬೆನ್ ಬರ್ಟ್ ಮಾಡಿದ್ದು, ಅದ್ಭುತ. ಪ್ರತಿ ಫ್ರೇಮಿನಲ್ಲೂ ನೋಡಲು ಏನೋ ಇದೆ. ಕಾರಿನ ಹುಚ್ಚಿರುವ ಮನುಷ್ಯನ ಕೈಗೆ ಕೇಳಿದ್ದೆಲ್ಲ ಸಿಕ್ಕರೆ ಹೇಗಿರುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ನಾನು ಇದನ್ನು ಕೆಟ್ಟ ದೃಶ್ಯ ಅನ್ನಲಾರೆ. ಚಿತ್ರದಲ್ಲಿ ಚೆನ್ನಾಗಿರುವುದೇ ಅದು. ಆದರೆ ಹುಡುಗ ಗೆಲ್ಲುತ್ತಾನೆ, ಎಲ್ಲರೂ ಕುಣಿಯುತ್ತಾರೆ, ಮುಗಿಯಿತು. ನಾನು ಸೋಲುತ್ತಿದ್ದೆ ಅನ್ನುವವನಿಲ್ಲ. ಸ್ಕೂಟರ್ ಗೋಡೆಗೆ ಗುದ್ದುವ ಅವಕಾಶವೂ ಇಲ್ಲ, ಗೋಡೆಯನ್ನೂ ಗಾಡಿಯನ್ನೂ ಕಂಪ್ಯೂಟರಿನಲ್ಲಿ ಅವನೇ ಕೂರಿಸಿದ್ದಾನೆ. ಆಕಸ್ಮಿಕಕ್ಕೆ ಬಾಗಿಲು ಎಲ್ಲಿಂದ?

2004ರ ಹೊತ್ತಿಗೆ ಲೂಕಾಸ್ ಒಂದು ಮಾತು ಒಪ್ಪಿಕೊಂಡ. ಸಿನಿಮಾವನ್ನು ಕಂಪನಿಗಳು ನುಂಗುತ್ತಿವೆ ಅಂತ ಬೈಯುತ್ತಿದ್ದವನು ತಾನೇ ಒಂದು ಕಂಪನಿಯ ಮುಖ್ಯಸ್ಥನಾಗಿದ್ದೇನೆ, ಸ್ಟಾರ್ ವಾರ್ಸ್‌ನ ಖಳ ಡಾರ್ತ್ ವೇಡರ್ ಆಗಿದ್ದೂ ಹೀಗೇ ಅನ್ನುವ ಅರ್ಥದಲ್ಲಿ. ತನ್ನ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ನಿರ್ದೇಶಕರು ಕಡಿಮೆ. ಅದಕ್ಕೇ ‘ಮಾರಿಕೊಂಡ’ ಅನ್ನುವ ಪದ ನನಗೆ ಹಿಡಿಸುವುದಿಲ್ಲ. ಕಂಪನಿಯನ್ನು ಮಾರಿದ್ದು ನಿಜ, 2012ರಲ್ಲಿ ಡಿಸ್ನಿಗೆ, ಸುಮಾರು 405 ಕೋಟಿ ಡಾಲರ್‌ಗೆ. ಅಲ್ಲಿಯವರೆಗೆ ಸ್ಟಾರ್ ವಾರ್ಸ್‌ನ ಹಿಡಿತವನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲ.

ಕೊನೆಗೆ, ಗ್ರಫೀಟಿ ಮತ್ತೆ ನೋಡುವುದಾದರೆ ಒಂದು ಚಿಕ್ಕ ವಿಷಯ. ಸ್ಟಾರ್ ವಾರ್ಸ್ ಗೆದ್ದ ಮೇಲೆ ಯೂನಿವರ್ಸಲ್ 1978ರಲ್ಲಿ ಇದನ್ನು ಮರುಬಿಡುಗಡೆ ಮಾಡಿತು, ಕತ್ತರಿಸಿದ ಮೂರು ದೃಶ್ಯಗಳನ್ನೂ ವಾಪಸ್ ಸೇರಿಸಿತು. ಹ್ಯಾರಿಸನ್ ಫೋರ್ಡ್ ಹಾಡು ಹೇಳುವುದನ್ನು ನೀವು ನೋಡಿದ್ದರೆ ನೀವು ನೋಡಿದ್ದು ಆ ಪ್ರತಿ. ಲೂಕಾಸ್‌ಗೆ ತನ್ನ ನಾಲ್ಕು ನಿಮಿಷ ಸಿಕ್ಕಿತು. ಆದರೆ ಚಿತ್ರ ಡಿವಿಡಿಗೆ ಬರುವಾಗ ಆತ ಮತ್ತೆ ಕೈ ಹಾಕಿದ. ಟೆರ್ರಿಯ ಸ್ಕೂಟರ್ ಬರುವುದಕ್ಕೆ ಮುಂಚೆ ಮೆಲ್ಸ್ ಡ್ರೈವ್-ಇನ್‌ನ ಹಿಂದೆ ಆಕಾಶ ಕಾಣುತ್ತದಲ್ಲ, ಮೊದಲು ಅದು ಸಪ್ಪೆಯಾಗಿತ್ತು. ಈಗ ಅಲ್ಲಿ ಕಿತ್ತಳೆ ಬಣ್ಣದ ಮೋಡಗಳ ಸೊಗಸಾದ ಸಂಜೆ ಇದ್ದರೆ, ಅದು 1972ರ ಸಂಜೆ ಅಲ್ಲ, ಕಂಪ್ಯೂಟರಿನಲ್ಲಿ ಬಳಿದದ್ದು.